ನಮಗೊಂದು ಮೀಸಲು ಕುರ್ಚಿ

ಅನುಮಾನ ನನಗೆ ತವರಿನಿಂದ ಬಂದ ಬಳುವಳಿ. ಮಂಗಳೂರಿನ ಮೀನುಕಟ್ಟೆಯಲ್ಲಿ ನನ್ನ ಅಮ್ಮ ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಸಿ, ಬುಟ್ಟಿಯವಳ ಮುಖವನ್ನೊಮ್ಮೆ ದಿಟ್ಟಿಸಿ, ಮತ್ತೆ ಮೂಸುತ್ತಿದ್ದಳು. ಮೊದಲ ಸಲ ಮೂಸುವುದು ಮೀನಿಗಾಗಿ, ಎರಡನೆಯ ಸಲ ಮಾರುವವಳಿಗಾಗಿ ಎಂಬುದು ಅವಳ ಶಾಸ್ತ್ರ. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ನಾನೂ ಮತ್ರಾದ ಮೀನುಕಟ್ಟೆಯಲ್ಲಿ ಹಾಗೆಯೇ ಮಾಡುತ್ತಿದ್ದೆ. ಒಮಾನಿ ಮುದುಕರು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಕೈಬೀಸಿದರೂ ಮೂಗು ಹಿಂದೆ ತೆಗೆಯುತ್ತಿರಲಿಲ್ಲ. ಹೀಗಿರುವಾಗ ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಮನೆಗೆ ಬಂದು, ನಾನು ಕೇಳದೆಯೇ ನನಗೊಂದು ಕುರ್ಚಿ ಕೊಡುತ್ತೇವೆ ಎಂದಾಗ ನಾನು ಮಾಡಿದ ಮೊದಲ ಕೆಲಸ ಅದನ್ನು ಮೂಸಿ ನೋಡಿದ್ದು.

ಆಗ ನಾವು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿದ್ದೆವು. ಕೆಳಗೆ ಗ್ಯಾರೇಜುಗಳು, ಮೇಲೆ ನಮ್ಮಂಥವರ ಫ್ಲ್ಯಾಟುಗಳು. ಬೆಳಗ್ಗೆ ಏಳಲು ಅಲಾರಾಂ ಬೇಕಿರಲಿಲ್ಲ, ಯಾರದೋ ಕಾರಿನ ಬಾನೆಟ್ಟಿನ ಮೇಲೆ ಬೀಳುವ ಸುತ್ತಿಗೆಯೇ ಎಬ್ಬಿಸುತ್ತಿತ್ತು. ಗಂಡ ರೂವಿಯ ಒಂದು ವಿಮಾ ಕಚೇರಿಯಲ್ಲಿದ್ದರು. ನಾನು ಹತ್ತಿರದ ಇಂಡಿಯನ್ ಶಾಲೆಯೊಂದರಲ್ಲಿ ದೊಡ್ಡ ತರಗತಿಗಳಿಗೆ ಚರಿತ್ರೆ ಕಲಿಸುತ್ತಿದ್ದೆ. ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಮನೆಯಿಂದ ಎರಡು ಮಹಡಿ ಮೇಲೆ ಉಡುಪಿ ಕಡೆಯ ತುಳು ಸಂಸಾರವೊಂದಿತ್ತು. ಆ ಮನೆಯವಳು ರೂವಿಯ ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು, ನನ್ನನ್ನು ಟೀಚರಕ್ಕ ಎನ್ನುತ್ತಿದ್ದಳು. ನನ್ನ ಅಡುಗೆಮನೆಯ ಡಬ್ಬಗಳಲ್ಲಿ ಯಾವುದರಲ್ಲಿ ಏನಿದೆ ಎಂದು ನನ್ನ ಗಂಡನಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವಳು ನಾನು. ಮಗ್ಗಿ ಹೇಳುವುದು, ಸಿಟ್ಟಾಗುವುದು ಎರಡೂ ನನಗೆ ಕನ್ನಡದಲ್ಲೇ ಸುಲಭ. ನಮ್ಮ ಕಡೆಯ ಮಕ್ಕಳು ಮಸ್ಕತ್ತಿನಲ್ಲಿ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಕೇಳಿ ಕೇಳಿ ಬೇಸತ್ತು, ಶುಕ್ರವಾರ ಸಂಜೆ ನಮ್ಮ ಹಾಲಿನಲ್ಲಿ ಕನ್ನಡ ತರಗತಿ ಶುರುಮಾಡಿದೆ. ಅಲ್ಲಿ ಶುಕ್ರವಾರವೇ ವಾರದ ರಜೆ, ನಮಗೆ ಚರ್ಚಿನ ಪೂಜೆಯೂ ಅಂದೇ ಬೆಳಗ್ಗೆ, ರೂವಿಯ ಇಗರ್ಜಿಗೆ ಹೋಗಿ ಬಂದು ಉಂಡು ಸೋಫಾಗಳನ್ನು ಗೋಡೆಗೆ ಸರಿಸಿದರೆ ಹಾಲು ಶಾಲೆಯಾಗುತ್ತಿತ್ತು. ಬಾಗಿಲ ಹೊರಗೆ ಪುಟ್ಟ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಆ ರಾಶಿ ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತರಗತಿ ದೊಡ್ಡದಾದಾಗ ಕನ್ನಡ ಕೂಟ ಅದನ್ನು ತನ್ನದೆಂದು ಹೇಳಿಕೊಂಡಿತು, ನನ್ನನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿತು. ನನಗೂ ಅದರಿಂದ ಖುಷಿಯೇ ಆಗಿತ್ತು.

ಹಾಲಿನ ಗೋಡೆಯಲ್ಲಿ ನಮ್ಮ ಮನೆಯ ದೇವರ ಪೀಠವಿತ್ತು. ಯೇಸುವಿನ ಪಟ, ಅದರ ಮುಂದೆ ಹಗಲೂ ಉರಿಯುವ ಪುಟ್ಟ ಕೆಂಪು ಬಲ್ಬು. "ಟೀಚರ್, ಕರೆಂಟ್ ವೇಸ್ಟ್ ಆಗುದಿಲ್ವಾ?" ಎಂದು ಒಂದು ಮಗು ಕೇಳಿ ಎಲ್ಲರೂ ನಕ್ಕಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪಂದಿರಲ್ಲಿ ಒಬ್ಬರು ಮಾತ್ರ ಯಾವಾಗಲೂ ಹೊಸ್ತಿಲಾಚೆಯೇ ನಿಂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ "ಪರವಾಗಿಲ್ಲ, ಕಾರು ಡಬಲ್ ಪಾರ್ಕಿಂಗ್" ಎನ್ನುತ್ತಿದ್ದರು. ನಮ್ಮ ಬೀದಿಯಲ್ಲಿ ಎಲ್ಲರ ಕಾರೂ ಡಬಲ್ ಪಾರ್ಕಿಂಗೇ. ಅವರನ್ನು ನಾನು ಒಂದು ಸಲ ಮಾತ್ರ ಮೂಸಿ ಬಿಟ್ಟಿದ್ದೆ.

ಕೂಟದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹಿಂದೆ ಎಂಬತ್ತರ ದಶಕದಲ್ಲಿ ರೂವಿಯ ಯಾರದೋ ಬ್ಯಾಚುಲರ್ ರೂಮಿನಲ್ಲಿ ನಾಲ್ಕು ಜನ ಕೂತು ಕೂಟ ಕಟ್ಟಿದ್ದರು. ಒಬ್ಬ ತುಳುವ, ಒಬ್ಬ ಕೊಂಕಣಿ, ಒಬ್ಬ ಬ್ಯಾರಿ ಮುಸ್ಲಿಂ, ಒಬ್ಬ ಘಟ್ಟದ ಮೇಲಿನವ. ಯಾರೂ ತಮ್ಮವರ ಹೆಸರನ್ನು ತಾವು ಸೂಚಿಸಬಾರದು ಎಂದು ಅವರು ಅಂದೇ ಮಾತಾಡಿಕೊಂಡರು. ತುಳುವರ ಹೆಸರು ಹೇಳಲು ಬ್ಯಾರಿಯೋ ಕೊಂಕಣಿಯೋ ಎದ್ದು ನಿಲ್ಲಬೇಕು, ಕೊಂಕಣಿಯವರ ಹೆಸರು ಹೇಳಲು ಬೇರೆ ಮನೆಮಾತಿನವರು ಬೇಕು. ಹೆಸರು ಬಂದ ಮೇಲೆ ಚಪ್ಪಾಳೆ, ಚಪ್ಪಾಳೆಯೇ ಚುನಾವಣೆ. ಇದು ಬರೆದಿಟ್ಟ ನಿಯಮವಾಗಿರಲಿಲ್ಲ. ಆದರೆ ಇದರಿಂದಾಗಿ ಹುದ್ದೆಯ ಆಸೆಯಿದ್ದವರು ವರ್ಷವಿಡೀ ಬೇರೆಯವರ ಜೊತೆ ಚೆನ್ನಾಗಿರಬೇಕಾಗುತ್ತಿತ್ತು. ನನ್ನ ಹೆಸರನ್ನು ಪ್ರತಿ ವರ್ಷ ಸೂಚಿಸುತ್ತಿದ್ದವಳು ಮೇಲಿನ ಮನೆಯವಳೇ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ನಮ್ಮ ಟೀಚರಕ್ಕ" ಎಂದಷ್ಟೇ ಹೇಳಿ ಕೂರುತ್ತಿದ್ದಳು.

ಆ ವರ್ಷ ಊರಿನಿಂದ ಬರುವ ಸುದ್ದಿಗಳು ಕೆಟ್ಟಿದ್ದವು, ಬರೀ ಹಿಂದೂ-ಮುಸ್ಲಿಂ ಗಲಭೆ. ಎರಡು ದಿನ ತಡವಾಗಿ ಬರುತ್ತಿದ್ದ ಪತ್ರಿಕೆಯನ್ನು ಜನ ಮಡಚಿ ಬಗಲಲ್ಲಿಟ್ಟುಕೊಂಡು ಓಡಾಡುತ್ತಿದ್ದರು, ಒಬ್ಬರೊಬ್ಬರ ಎದುರು ಬಿಚ್ಚುತ್ತಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಸಂಜೆ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಅವರು ದೊಡ್ಡ ಟ್ರೇಡಿಂಗ್ ಕಂಪನಿಯೊಂದರ ಅಕೌಂಟ್ಸ್ ಮ್ಯಾನೇಜರು, ಉಡುಪಿ ಕಡೆಯವರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು.

"ಟೀಚರೇ, ನಮ್ಮ ಸಂವಿಧಾನ ತಿದ್ದುಪಡಿ ಮಾಡ್ತಾ ಇದ್ದೇವೆ" ಎಂದರು. ಕೂಟದ ನಿಯಮಾವಳಿಗೆ ಅವರು ಸಂವಿಧಾನ ಎನ್ನುತ್ತಿದ್ದರು. "ಎಲ್ಲರಿಗೂ ಪ್ರಾತಿನಿಧ್ಯ ಬೇಕಲ್ವಾ? ಅದಕ್ಕೆ ಮೀಸಲು ಸೀಟು ಇಡುವ ಅಂತ. ಕ್ರೈಸ್ತರಿಗೆ ಒಂದು, ಬ್ಯಾರಿಗಳಿಗೆ ಒಂದು, ಹೆಂಗಸರಿಗೆ ಒಂದು. ಆ ಸೀಟಿಗೆ ಅವರವರೇ ಹೆಸರು ಹೇಳುದು, ಅವರವರೇ ಕೈ ಎತ್ತುದು. ಬೇರೆಯವರ ಕಿರಿಕಿರಿ ಇಲ್ಲ."

"ಹೆಂಗಸರಿಗೆ ಯಾರು?" ಎಂದೆ.

ಅವರು ಕಾಫಿಯ ಲೋಟ ಕೆಳಗಿಟ್ಟು ಪ್ರಸನ್ನರಾಗಿ ನಕ್ಕರು. "ನೀವೇ! ನೀವು ಕ್ರೈಸ್ತರೂ ಹೌದು, ಹೆಂಗಸೂ ಹೌದು. ಎರಡು ಸೀಟು ಇಡುವ ಬದಲು ಒಂದರಲ್ಲೇ ಮುಗೀತದೆ."

ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುವುದನ್ನು ಕೇಳಿದ್ದೆ, ಎರಡು ಕಲ್ಲನ್ನು ಒಂದೇ ಹಕ್ಕಿಗೆ ಕಟ್ಟುವುದನ್ನು ಅಂದೇ ನೋಡಿದ್ದು. ಆಮೇಲೆ ಅವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ, ಮರೆತದ್ದು ನೆನಪಾದವರ ಹಾಗೆ ಹೇಳಿದರು: "ಮತ್ತೆ, ಮೀಸಲು ಸೀಟಿನವರು ಪದಾಧಿಕಾರಿ ಆಗ್ಲಿಕ್ಕಿಲ್ಲ. ಡಬಲ್ ಆಗ್ತದಲ್ಲ. ಮಕ್ಕಳ ಕ್ಲಾಸು ಹೊಸ ಸಾಂಸ್ಕೃತಿಕ ಕಾರ್ಯದರ್ಶಿ ನೋಡ್ಕೊಳ್ತಾರೆ. ನಿಮಗೂ ರೆಸ್ಟು. ಖಲಾಸ್."

ವಾಸನೆ ಆಗ ಹೊಡೆಯಿತು. ವೇದಿಕೆಯ ಮೇಲೆ ಕುರ್ಚಿ ಕೊಟ್ಟು ಕೈಯ ಸೀಮೆಸುಣ್ಣ ತೆಗೆದುಕೊಳ್ಳುವ ವ್ಯಾಪಾರ ಇದು. ಬಾಗಿಲು ಹಾಕಿದ ಮೇಲೆ ಗಂಡನಿಗೆ ಹೇಳಿದೆ. ಅವರು ಶಾಂತಿಪ್ರಿಯರು. "ಬಿಡು ಮಾರಾಯ್ತಿ, ಒಳ್ಳೇದಕ್ಕೇ ಮಾಡಿರ್ಬಹುದು" ಎಂದರು. ಒಳ್ಳೆಯದು ಯಾರಿಗೆ ಎಂದು ನಾನು ಕೇಳಿದೆ, ಅವರು ಟೀವಿಯ ಸದ್ದು ಜಾಸ್ತಿ ಮಾಡಿದರು.

ವಿಧಿಯ ಕುಚೋದ್ಯವೋ ಏನೋ, ಆ ವಾರ ಹತ್ತನೆಯ ತರಗತಿಗೆ ನಾನು ಕಲಿಸಬೇಕಿದ್ದ ಪಾಠವೂ ಅದೇ. ಸಾವಿರದ ಒಂಬೈನೂರ ಒಂಬತ್ತರ ಸುಧಾರಣೆಯಲ್ಲಿ ಬ್ರಿಟಿಷರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ತಮ್ಮವರಿಗೆ ತಾವು ಮಾತ್ರ ಓಟು ಹಾಕುವ ವ್ಯವಸ್ಥೆ, ಕೊಟ್ಟದ್ದು, ಹತ್ತೊಂಬತ್ತರಲ್ಲಿ ಅದನ್ನು ಸಿಖ್ಖರಿಗೆ, ಮದ್ರಾಸ್ ಪ್ರಾಂತ್ಯದ ಕ್ರೈಸ್ತರಿಗೆ, ಇನ್ನೂ ಕೆಲವರಿಗೆ ಹಿಗ್ಗಿಸಿದ್ದು, ಲಂಡನ್ನಿನ ದುಂಡುಮೇಜಿನ ಸುತ್ತ ಯಾರಿಗೆ ಎಷ್ಟು ಎಂದು ಜಗ್ಗಾಡಿದ್ದು, ಕೊನೆಗೆ ಮೂವತ್ತೈದರ ಕಾಯಿದೆ. ಪ್ರತಿ ವರ್ಷ ನಾನು ಕಪ್ಪುಹಲಗೆಯ ಮೇಲೆ ಒಡೆದು ಆಳುವ ನೀತಿ ಎಂದು ಬರೆದು, ಅಡಿಗೆರೆ ಎಳೆದು, ಕೈ ಕೊಡವಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ವರ್ಷ ಅಡಿಗೆರೆ ಎಳೆಯಲು ಕೈ ಬರಲಿಲ್ಲ. ಮೊದಲ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಅದನ್ನು ಕೇಳಿದ್ದು ಯಾರು? ಅವರಾಗಿಯೇ ಕೊಟ್ಟರಾ, ಇವರು ಕೇಳಿದರಾ?"

ಕೇಳಿದವರೂ ಇದ್ದರು, ಕೇಳಿಸಿದವರೂ ಇದ್ದರು, ನಮಗೆ ಬೇಡ ಎಂದ ಕ್ರೈಸ್ತ ಮುಖಂಡರೂ ಇದ್ದರು, ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ ಎಂದೆ. ಹುಡುಗಿ ಅದನ್ನೆಲ್ಲ ಬರೆದುಕೊಳ್ಳದೆ ನನ್ನ ಮುಖ ನೋಡಿದಳು. ಪರೀಕ್ಷೆಗೆ ಯಾವುದು ಬರೆಯಬೇಕು ಎಂದು ಅವಳ ಪ್ರಶ್ನೆ. ನನ್ನದೂ ಅದೇ ಪ್ರಶ್ನೆಯಾಗಿತ್ತು.

ಆಗ ನಮ್ಮ ಮಾವ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದರು. ಎಂಬತ್ತು ದಾಟಿದ್ದರೂ ಗಟ್ಟಿ ಮನುಷ್ಯ, ಮಂಗಳೂರಿನಲ್ಲಿ ಹೆಂಚಿನ ವ್ಯಾಪಾರ ಮಾಡಿದವರು. ಮಸ್ಕತ್ತಿನಲ್ಲಿ ಹೆಂಚಿನ ಮಾಡು ಒಂದೂ ಕಾಣುವುದಿಲ್ಲ ಎಂಬುದು ಅವರಿಗೆ ಈ ದೇಶದ ಮೇಲಿದ್ದ ಒಂದೇ ದೂರು. ನಾನು ಅಧ್ಯಕ್ಷರ ಕುರ್ಚಿಯ ವಿಷಯ ಹೇಳಿದಾಗ ಅವರು ಕೂತಲ್ಲೇ ನೆಟ್ಟಗಾದರು.

"ನಾನು ಅಂಥ ಓಟು ಹಾಕಿದವ" ಎಂದರು. "ಮದ್ರಾಸ್ ಅಸೆಂಬ್ಲಿಗೆ. ಬ್ರಿಟಿಷರ ಕಾಲದಲ್ಲಿ. ತೀರ್ವೆ, ಸರಕಾರದ ತೆರಿಗೆ, ಕಟ್ಟುವವರಿಗೆ ಮಾತ್ರ ಓಟು ಇದ್ದದ್ದು ಆಗ. ನಮ್ಮ ಹೆಸರು ಕ್ರಿಶ್ಚಿಯನ್ನರ ಪಟ್ಟಿಯಲ್ಲಿ, ಪಕ್ಕದ ಜವಳಿ ಅಂಗಡಿಯವನದ್ದು ಜನರಲ್ ಪಟ್ಟಿಯಲ್ಲಿ. ಒಬ್ಬೊಬ್ಬ ಕ್ಯಾಂಡಿಡೇಟಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಅವನು ಅವನ ಪೆಟ್ಟಿಗೆಗೆ ಹಾಕಿದ, ನಾನು ನನ್ನದಕ್ಕೆ."

"ಜಗಳ ಆಗ್ಲಿಲ್ವಾ?"

"ಎಂತದ್ದಕ್ಕೆ ಜಗಳ? ಒಟ್ಟಿಗೆ ಕಾಫಿ ಕುಡಿದು ಹೋದದ್ದು ನಾವು." ಆಮೇಲೆ ಸೇರಿಸಿದರು. "ಒಂದು ಮಾತ್ರ ನೆನಪುಂಟು. ಮುನಿಸಿಪಾಲಿಟಿ ಇಲೆಕ್ಷನ್ ಬಂದರೆ ಎಲ್ಲ ಪಾರ್ಟಿಯವರೂ ನಮ್ಮ ಗೇಟಿಗೆ ಬರ್ತಿದ್ರು, ನಮ್ಮ ನಾಯಿ ಬೊಗಳಿ ಬೊಗಳಿ ಸುಸ್ತಾಗ್ತಿತ್ತು. ಆ ಸಲ ಜನರಲ್‌ನವರು ಓಣಿಯಲ್ಲಿ ಬಂದರು, ಜವಳಿಯವನ ಮನೆಗೆ ಹೋದರು, ನಮ್ಮ ಗೇಟು ದಾಟಿ ಮುಂದಿನ ಮನೆಗೆ ಹೋದರು. ತಪ್ಪು ಅವರದ್ದಲ್ಲ. ನಮ್ಮ ಓಟು ಅವರಿಗೆ ಇರಲಿಲ್ಲವಲ್ಲ. ಆ ವರ್ಷ ನಾಯಿ ಬೊಗಳಲೇ ಇಲ್ಲ."

ನಾನು ತಕ್ಷಣ ಅದನ್ನು ಹಿಡಿದೆ. "ನೋಡಿ, ಅದೇ ನಾನು ಹೇಳುದು! ಈ ಸೀಟು ನನಗೆ ಬೇಡ."

ಮಾವ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಬೇಡ ಅಂತ ಯಾಕೆ? ಆ ಸೀಟು ಇಲ್ಲದಿದ್ರೆ ನಮ್ಮವನೊಬ್ಬ ಮದ್ರಾಸಿಗೆ ಹೋಗ್ತಿದ್ನಾ? ಗೇಟಿಗೆ ಬಂದು ಕೈ ಮುಗಿದವರು ಗೆದ್ದ ಮೇಲೆ ನಮಗೆ ಎಂತ ಕೊಟ್ಟಿದ್ದಾರೆ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸ್ಬೇಡ. ತಕೊ, ಕೂತುಕೊ." ಹೇಳಿ ಮುಗಿಸಿ ಅವರು ಜಪಮಾಲೆ ಹಿಡಿದರು. ಚರಿತ್ರೆ ಓದಿದ ನಾನು ಒಂದು ಕಡೆ, ಅದನ್ನು ಬದುಕಿದ ಅವರು ಇನ್ನೊಂದು ಕಡೆ. ಅಧ್ಯಕ್ಷರ ಮೇಲಿದ್ದ ಅನುಮಾನದ ಜೊತೆಗೆ ಈಗ ನನ್ನ ಮೇಲೆಯೇ ಒಂದಿಷ್ಟು ಶುರುವಾಯಿತು. ನನಗೆ ಬೇಕಾದದ್ದು ನ್ಯಾಯವೋ, ಬಾಗಿಲ ಹೊರಗಿನ ಆ ಚಪ್ಪಲಿ ರಾಶಿಯೋ? ಪ್ರಾಮಾಣಿಕವಾಗಿ ಹೇಳುವುದಾದರೆ ಚಪ್ಪಲಿ ರಾಶಿಯೇ. ಅದನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಆ ದಿನಗಳಲ್ಲಿ ನಾನು ಎಲ್ಲರನ್ನೂ ಸೋಸಿ ನೋಡತೊಡಗಿದೆ. ಡಬಲ್ ಪಾರ್ಕಿಂಗಿನ ಅಪ್ಪ ಹೊಸ್ತಿಲಾಚೆ ನಿಂತು ಒಳಗೆ ಎತ್ತ ನೋಡುತ್ತಾರೆ ಎಂದು ಗಮನಿಸಿದೆ. ಅವರು ಕೆಂಪು ಬಲ್ಬನ್ನು ನೋಡುತ್ತಿದ್ದಾರೆ ಅನ್ನಿಸಿತು, ಮರುಕ್ಷಣ ಗೋಡೆಗಡಿಯಾರ ನೋಡುತ್ತಿದ್ದಾರೆ ಅನ್ನಿಸಿತು. ಎರಡೂ ಒಂದೇ ಗೋಡೆಯಲ್ಲಿದ್ದವು. ರೂವಿಯಲ್ಲಿ ನಾವು ಕುಚ್ಚಲಕ್ಕಿ ಕೊಳ್ಳುತ್ತಿದ್ದ ಬ್ಯಾರಿ ಅಂಗಡಿಗೆ ಹೋದಾಗ ಅಲ್ಲಿನ ಯಜಮಾನರನ್ನೂ ಕೇಳಿದೆ. ಕೂಟ ಕಟ್ಟಿದ ನಾಲ್ವರಲ್ಲಿ ಅವರೂ ಒಬ್ಬರು. ಮೀಸಲು ಸೀಟು ಯಾರು ಕೇಳಿದ್ದು ಎಂದು ಅವರಿಗೂ ಗೊತ್ತಿರಲಿಲ್ಲ. "ನಾವು ಕೇಳ್ಲಿಲ್ಲ ಟೀಚರೇ. ನೀವು ಕೇಳಿದ್ದು ಅಂತ ನಾವು ತಿಳ್ಕೊಂಡದ್ದು" ಎಂದರು. ನಾವೂ ಅವರ ಬಗ್ಗೆ ಹಾಗೇ ತಿಳಿದುಕೊಂಡಿದ್ದೆವು.

ವಾರ್ಷಿಕ ಸಭೆಗೆ ಎರಡು ದಿನ ಮೊದಲು ಮೇಲಿನ ಮನೆಯವಳು ಇಳಿದು ಬಂದಳು. ಎಂದಿನ ಹಾಗೆ ಅಡುಗೆಮನೆಗೆ ಬರದೆ ಹಾಲಿನಲ್ಲಿ ನಿಂತಳು.

"ಟೀಚರಕ್ಕ, ಈ ಸಲ ಕಾರ್ಯದರ್ಶಿಗೆ ನಾನು ನಿಲ್ಲುವ ಅಂತ ಉಂಟು. ನಿಮಗೆ ಹೇಗೂ ಸೀಟು ಉಂಟಲ್ಲ" ಎಂದಳು. "ನನ್ನ ಹೆಸರು ಹೇಳ್ಲಿಕ್ಕೆ ಬೇರೆ ಮನೆಮಾತಿನವರು ಬೇಕಲ್ಲ. ನೀವೇ ಹೇಳ್ಬೇಕು."

ನಿಮಗೆ ಹೇಗೂ ಸೀಟು ಉಂಟಲ್ಲ. ಅಧ್ಯಕ್ಷರ ಬಾಯಲ್ಲಿ ಕೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಹೇಳಿದವಳು ಇವಳು. ತರಗತಿ ಶುರುವಾದಾಗ ಸೋಫಾ ಸರಿಸಲು ಇಳಿದು ಬರುತ್ತಿದ್ದವಳು, ಸಣ್ಣ ಮಕ್ಕಳ ಕೈ ಹಿಡಿದು ಅ ಆ ತಿದ್ದಿಸುವುದನ್ನು ನನ್ನಿಂದಲೇ ಕಲಿತವಳು. ನೋಡೋಣ ಎಂದಷ್ಟೇ ಹೇಳಿದೆ. ಕೂರು ಎಂದು ನಾನು ಹೇಳದಿದ್ದುದರಿಂದ ಅವಳು ಹೋದಳು. ಆ ಸಂಜೆಯಿಡೀ ನಾನು ಹಳೆಯದನ್ನೆಲ್ಲ ಹೊರತೆಗೆದು ಮೂಸಿದೆ. ಅವಳು ಕೊಟ್ಟ ಪತ್ರೊಡೆ, ಅವಳು ಹಿಡಿದ ಮಕ್ಕಳ ಕೈ, ಅವಳು ವರ್ಷ ವರ್ಷ ಹೇಳಿದ "ನಮ್ಮ ಟೀಚರಕ್ಕ", ಎಲ್ಲದರಲ್ಲೂ ಏನೋ ವಾಸನೆ ಬಂದ ಹಾಗಾಯಿತು. ಅನುಮಾನದ ಕೆಟ್ಟ ಗುಣ ಇದು, ಒಮ್ಮೆ ಹೊಕ್ಕರೆ ಹಿಂದಕ್ಕೂ ನಡೆಯುತ್ತದೆ.

ಸಭೆ ನಡೆದದ್ದು ಗುರುವಾರ ಸಂಜೆ, ರೂವಿಯ ಹೋಟೆಲೊಂದರ ಮೊದಲ ಮಹಡಿಯಲ್ಲಿ. ಗೋಳಿಬಜೆ, ಚಟ್ನಿ, ಸ್ಟೀಲಿನ ಥರ್ಮಾಸಿನಲ್ಲಿ ಚಹಾ. ಮಾವ ಕೋಟು ಹಾಕಿಕೊಂಡು ಬಂದು ಅತಿಥಿಗಳ ಸಾಲಿನಲ್ಲಿ ಕೂತರು. ಊರಿನಲ್ಲಿ ಏನಾಗುತ್ತಿದೆ ಎಂಬುದನ್ನು ಬಿಟ್ಟು ಜನ ಉಳಿದೆಲ್ಲ ಮಾತಾಡುತ್ತಿದ್ದರು. ತಿದ್ದುಪಡಿಯನ್ನು ಅಧ್ಯಕ್ಷರು ಓದಿದರು, ಚಪ್ಪಾಳೆಯಾಯಿತು, ಖಲಾಸ್ ಆಯಿತು. ನಮ್ಮ ದೇಶಕ್ಕೆ ಇಪ್ಪತ್ತಾರು ವರ್ಷ ಹಿಡಿದ ಸುಧಾರಣೆ ನಮ್ಮ ಕೂಟಕ್ಕೆ ಒಂದು ತಟ್ಟೆ ಗೋಳಿಬಜೆ ಮುಗಿಯುವುದರೊಳಗೆ ಆಗಿಹೋಯಿತು.

ಕ್ರೈಸ್ತ ಮೀಸಲು ಸ್ಥಾನಕ್ಕೆ ಎಂದು ಅವರು ನನ್ನತ್ತ ಕೈ ಮಾಡಿದಾಗ ನಾನು ಎದ್ದೆ. ಧ್ವನಿ ತರಗತಿಯದ್ದೇ ಬಂತು. "ಈ ಸೀಟು ನನಗೆ ಬೇಡ. ನಾನು ಎಂದಿನ ಹಾಗೆ ಕಾರ್ಯದರ್ಶಿ ಸ್ಥಾನಕ್ಕೇ ನಿಲ್ಲುತ್ತೇನೆ. ನಾನು ಇಷ್ಟು ವರ್ಷ ಕ್ರೈಸ್ತಳಾಗಿ ಅಲ್ಲ, ಟೀಚರಾಗಿ ಕನ್ನಡ ಕಲಿಸಿದ್ದು."

ಅಧ್ಯಕ್ಷರು ತಿದ್ದುಪಡಿಯ ಹಾಳೆ ಮಡಚಿ, "ಆಗ್ಲಿ. ಸೂಚಕರು ಯಾರು?" ಎಂದರು.

ಎಲ್ಲರೂ ಮೇಲಿನ ಮನೆಯವಳತ್ತ ತಿರುಗಿದರು. ಅವಳು ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದಳು. ನಾನು ಬ್ಯಾರಿ ಅಂಗಡಿಯ ಯಜಮಾನರನ್ನು ನೋಡಿದೆ. ಒಳ್ಳೆಯ ಮನುಷ್ಯ, ಅರ್ಧ ಎದ್ದರು, ಮತ್ತೆ ಕೂತರು. "ಟೀಚರೇ, ನಿಮಗೆ ಈಗ ನಿಮ್ಮವರು ಇದ್ದಾರಲ್ಲ" ಎಂದು ಮೆಲ್ಲನೆ ಹೇಳಿದರು. "ಈ ಟೈಮಲ್ಲಿ ನಾವು ನಡುವೆ ಬಂದ್ರೆ ಯಾರಿಗೆ ಎಂತ ಅನ್ನಿಸ್ತದೋ." ಅವರ ಮುಖದಲ್ಲಿ ಇದ್ದದ್ದು ಸಂಕೋಚ ಮಾತ್ರ. ನನ್ನ ಮೂಗಿಗೂ ಬೇರೆ ಏನೂ ಸಿಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಅಷ್ಟರಲ್ಲಿ ಅತಿಥಿಗಳ ಸಾಲಿನಿಂದ ಮಾವ ಎದ್ದು ನಿಂತರು. ಎಮ್ಮೆಯ ಹಲ್ಲು ಎಣಿಸಬೇಡ ಎಂದಿದ್ದ ಅದೇ ಮಾವ. "ಯಾರೂ ಇಲ್ಲದಿದ್ರೆ ನಾನು ಹೇಳ್ತೇನೆ. ನಮ್ಮ ಸೊಸೆ!" ಎಂದು ಕೈ ಎತ್ತಿದರು. ಸಭೆ ನಕ್ಕಿತು. ಕೆಟ್ಟ ನಗು ಅಲ್ಲ, ಬಿಗಿ ಸಡಿಲಿದ್ದಕ್ಕೆ ಬಂದ ನಗು. "ಅಜ್ಜೇರೆ, ನೀವು ಮೆಂಬರ್ ಅಲ್ಲ, ಮತ್ತೆ ನಿಮ್ಮವರನ್ನು ನೀವೇ ಹೇಳ್ಲಿಕ್ಕಿಲ್ಲ" ಎಂದು ಅಧ್ಯಕ್ಷರೂ ನಗುತ್ತ ಹೇಳಿದರು. ಮಾವ ಕೈ ಇಳಿಸಿ, ಕೋಟಿನ ಗುಂಡಿ ಹಾಕಿಕೊಂಡು ಕೂತರು. ಜೀವಮಾನದಲ್ಲಿ ಅವರನ್ನು ನಾನು ಅಷ್ಟು ಸಣ್ಣವರಾಗಿ ನೋಡಿರಲಿಲ್ಲ.

ಮುಂದಿನದು ಮೇಲಿನ ಮನೆಯವಳ ಹೆಸರು. ಅವಳಿಗೂ ಸೂಚಕರು ಬೇಕು, ತುಳುವರಲ್ಲದವರು ಬೇಕು. ಯಾರೂ ಏಳಲಿಲ್ಲ. ನಡೆದದ್ದನ್ನು ನೋಡಿದ ಮೇಲೆ ಯಾರಿಗೂ ಯಾರ ಹೆಸರು ಹೇಳುವ ಧೈರ್ಯವೂ ಉಳಿದಿರಲಿಲ್ಲ. ಕಾರ್ಯದರ್ಶಿ ಇಲ್ಲದಿದ್ದರೆ ತರಗತಿಯನ್ನು ಸದ್ಯಕ್ಕೆ ನಿಲ್ಲಿಸುವ ಎಂದು ಹಿಂದಿನಿಂದ ಯಾರೋ ಅಂದರು. ಆಗ ನಾನು ಮತ್ತೆ ಎದ್ದೆ. ಅದು ದೊಡ್ಡ ಮನಸ್ಸಲ್ಲ. ನನಗೆ ಮೈಯೆಲ್ಲ ಸಿಟ್ಟಿತ್ತು, ಆದರೆ ನನ್ನ ಸಿಟ್ಟಿಗೆ ಮಕ್ಕಳ ತರಗತಿ ಮುಚ್ಚುವುದು ಬೇಡವಾಗಿತ್ತು. ಅವಳ ಹೆಸರು ಹೇಳಿ ಕೂತೆ. ಚಪ್ಪಾಳೆಯಾಯಿತು. ನಮ್ಮ ಕೂಟದಲ್ಲಿ ಒಂದು ಮನೆಮಾತಿನವರು ಇನ್ನೊಂದು ಮನೆಮಾತಿನವರ ಹೆಸರನ್ನು ಸೂಚಿಸಿದ್ದು ಅದೇ ಕೊನೆ. ಮರುವರ್ಷದಿಂದ ಎಲ್ಲರೂ ತಮ್ಮವರ ಹೆಸರನ್ನು ತಾವೇ ಹೇಳತೊಡಗಿದರು, ಕೆಲಸ ಬೇಗ ಮುಗಿಯುತ್ತಿತ್ತು. ನನಗೆ ಬೇಡವಾದ ಮೀಸಲು ಕುರ್ಚಿಯಲ್ಲಿ ನಮ್ಮವರೇ ಒಬ್ಬರು ಕೂತರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಟೈ ಚೆನ್ನಾಗಿ ಕಟ್ಟುತ್ತಿದ್ದರು.

ಮರುದಿನ ಬೆಳಗ್ಗೆ ಇಗರ್ಜಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದಾಗ ಅವಳು ಮೇಲಿನಿಂದ ಓಡಿ ಬಂದು ತಡೆದಳು. ಕಣ್ಣು ಊದಿತ್ತು. ಗಂಡ, ಮಾವ ಕಾರಿನ ಹತ್ತಿರ ಹೋಗಿದ್ದರು.

"ಟೀಚರಕ್ಕ, ಆ ಸೀಟು ಕೇಳಿದ್ದು ನಾನು."

"ಯಾವಾಗ?" ಎಂದೆ.

"ಅಧ್ಯಕ್ಷರ ಮನೆಯಲ್ಲಿ ಊಟ ಇತ್ತಲ್ಲ. ನಾವು ಅಡುಗೆಮನೆಯಲ್ಲಿ ಇದ್ದೆವು. ಗಂಡಸರು ಮಾತಾಡ್ತಿದ್ರು. ಮಕ್ಕಳ ಕ್ಲಾಸು ಯಾವಾಗ್ಲೂ ಅವರ ಮನೆಯಲ್ಲೇ ಯಾಕೆ, ಆ ಕೆಂಪು ಲೈಟಿನ ಅಡಿಯಲ್ಲೇ ಯಾಕೆ, ಈ ಸಲ ಅವರನ್ನು ಬಿಡುವ ಅಂತ. ನಿಮ್ಮನ್ನು ಪೂರಾ ಹೊರಗೆ ಹಾಕ್ತಾರೆ ಅಂತ ನನಗೆ ಹೆದರಿಕೆ ಆಯ್ತು. ಅದಕ್ಕೆ ನಾನೇ ಹೋಗಿ ಹೇಳಿದ್ದು, ಅವರಿಗೆ ಅಂತ ಒಂದು ಸೀಟು ಬರೆದಿಡಿ, ಯಾರಿಗೂ ತೆಗೀಲಿಕ್ಕೆ ಆಗ್ಬಾರ್ದು ಅಂತ. ಕ್ಲಾಸು ಯಾರ್ಯಾರ ಕೈಗೋ ಹೋಗುದಕ್ಕಿಂತ ನನ್ನ ಕೈಯಲ್ಲಿರ್ಲಿ ಅಂತ ನಿಂತದ್ದು."

"ಹಾಗೆ ಹೇಳಿದ್ದು ಯಾರು?" ಎಂದೆ.

ಅವಳು ಅಳುತ್ತ ತಲೆ ಅಲ್ಲಾಡಿಸಿದಳು. ನಾನು ಅವಳ ಮುಖವನ್ನು ದಿಟ್ಟಿಸಿ ನೋಡಿದೆ. ಅವಳು ಹೇಳಿದ್ದೆಲ್ಲ ನಿಜವಿರಬಹುದು. ರಾತ್ರಿಯೆಲ್ಲ ಕೂತು ಹೊಲಿದ ಮಾತೂ ಇರಬಹುದು. ಪ್ರೀತಿಯಿಂದ ಕೇಳಿದ ಸೀಟು, ಅದರಿಂದ ತನಗೇ ಬಂದ ಹುದ್ದೆ, ಎರಡೂ ಒಂದೇ ಮುಖದಲ್ಲಿದ್ದವು. ಅಮ್ಮನ ಶಾಸ್ತ್ರ ಅಲ್ಲಿ ನನ್ನ ಕೈಬಿಟ್ಟಿತು. "ಪೂಜೆಗೆ ತಡವಾಗ್ತದೆ" ಎಂದು ಹೇಳಿ ಇಳಿದುಹೋದೆ. ಮೂವತ್ತು ವರ್ಷ ಆಗುತ್ತ ಬಂತು, ಅವಳನ್ನು ನಂಬಬೇಕೋ ಬಿಡಬೇಕೋ ನನಗೆ ಇನ್ನೂ ಗೊತ್ತಿಲ್ಲ. ನಂಬಿಬಿಡಬೇಕೆಂದು ಆಸೆಯಂತೂ ಇದೆ.

ಕಾರಿನಲ್ಲಿ ಮಾವ ಹಿಂದಿನ ಸೀಟಿನಲ್ಲಿದ್ದರು. ಇಗರ್ಜಿ ಬರುವವರೆಗೂ ಕೋಟಿನ ಗುಂಡಿ ಹಾಕುತ್ತ ಬಿಚ್ಚುತ್ತ ಇದ್ದರು.

ಅಂದು ಸಂಜೆ ನಾವು ಸೋಫಾ ಸರಿಸಲಿಲ್ಲ. ತರಗತಿ ಮೇಲಿನ ಮನೆಯಲ್ಲಿ ಎಂದು ಎಲ್ಲ ಮನೆಗಳಿಗೂ ಫೋನು ಹೋಗಿತ್ತು. ಮಾವ ಪೀಠದ ಎದುರು ಕೂತು ಜಪಮಾಲೆ ಎಣಿಸುತ್ತಿದ್ದರು, ನಾನು ಊರಿನ ಪತ್ರಿಕೆಯೊಂದನ್ನು ಮತ್ತೆ ಮತ್ತೆ ಮಡಚುತ್ತಿದ್ದೆ. ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಸದ್ದು ಶುರುವಾಯಿತು. ಮಕ್ಕಳ ಕಾಲು, ಅಪ್ಪಂದಿರ ಬೂಟು, ಅಮ್ಮಂದಿರ ಗೆಜ್ಜೆ. ನಮ್ಮ ಮಹಡಿಗೆ ಬರುವಾಗ ಸ್ವಲ್ಪ ತಗ್ಗಿ, ನಮ್ಮ ಬಾಗಿಲು ದಾಟಿದ ಮೇಲೆ ಮತ್ತೆ ಏರುತ್ತಿತ್ತು. ಮಾವನ ಬೆರಳು ಮಣಿಯ ಮೇಲೆ ನಿಂತಿತು. ಅವರು ನನ್ನನ್ನು ನೋಡಿದರು. ಅವರಿಗೆ ಯಾವ ಗೇಟು ನೆನಪಾಯಿತು ಎಂದು ನನಗೆ ಗೊತ್ತಿತ್ತು.

ಸದ್ದೆಲ್ಲ ಅಡಗಿದ ಮೇಲೆ ಹೊರಗೆ ಏನೋ ಸರಿದಾಡಿದಂತಾಯಿತು. ಬಾಗಿಲು ತೆರೆದೆ. ಡಬಲ್ ಪಾರ್ಕಿಂಗಿನವರ ಕಿರಿಯ ಮಗಳು, ಅಭ್ಯಾಸಬಲದಿಂದ ನಮ್ಮ ಹೊಸ್ತಿಲಲ್ಲೇ ಚಪ್ಪಲಿ ಕಳಚಿ, ಒಂದರ ಪಕ್ಕ ಒಂದಿಟ್ಟು, ಪುಸ್ತಕ ಎದೆಗವಚಿ ನಿಂತಿದ್ದಳು. ಅವಳ ಅಪ್ಪ ಎಂದಿನ ಹಾಗೆ ಹೊಸ್ತಿಲಾಚೆ ಇದ್ದರು, ಈ ಸಲ ಎರಡು ಮೆಟ್ಟಿಲು ಮೇಲೆ. ಅವರು ನನ್ನನ್ನು ನೋಡಿ, ವಾಚು ನೋಡಿಕೊಂಡರು.

ನಾನೇ ಬಗ್ಗಿ ಆ ಚಪ್ಪಲಿಗಳನ್ನು ತೆಗೆದು ಮಗುವಿನ ಕೈಗೆ ಕೊಟ್ಟೆ.

"ಇಲ್ಲಿ ಅಲ್ಲ ಮಗಾ" ಎಂದೆ. "ಮೇಲೆ."